ದಾರದ ಎಳೆಯಲ್ಲಿ ದೇಹರಚನೆ

ಹೂಬಳ್ಳಿ, ನವಿಲು, ಗೋಪುರಗಳ ಜಾಗದಲ್ಲಿ ಹೃದಯ, ಶ್ವಾಸಕೋಶ, ಮಿದುಳು, ಬೆನ್ನುಮೂಳೆಗಳನ್ನು ದಾರ ಮತ್ತು ಮಣಿಗಳಿಂದ ಬಟ್ಟೆಯ ಮೇಲೆ ಮೂಡಿಸುವ ಕೆಲಸವೇ ಅಂಗರಚನಾ ಕಸೂತಿ. ಶುಭಾಶಯ ಪತ್ರಗಳ ಮೇಲಿನ ವೀಳ್ಯದೆಲೆ ಆಕಾರದ ಹೃದಯ ಇಲ್ಲಿ ನಡೆಯುವುದಿಲ್ಲ. ಎದೆಗೂಡಿನಲ್ಲಿ ಓರೆಯಾಗಿ ಕುಳಿತ, ಮುಷ್ಟಿಗಾತ್ರದ, ನೆತ್ತಿಯಿಂದ ದಪ್ಪ ಕೊಳವೆಗಳು ಹೊರಟ ನಿಜವಾದ ಹೃದಯವೇ ಬೇಕು.

ಬಣ್ಣಕ್ಕಿಲ್ಲದ ಒಂದು ಗುಣ ದಾರಕ್ಕಿದೆ: ಅದಕ್ಕೆ ದಿಕ್ಕುಂಟು. ಒತ್ತಾಗಿ ತುಂಬಿದ ಸ್ಯಾಟಿನ್ ಹೊಲಿಗೆಯಲ್ಲಿ ಎಳೆಯ ದಿಕ್ಕು ತಿರುಗಿದರೆ ಬೆಳಕು ಬೇರೆ ಥರ ಬಿದ್ದು ಅದೇ ದಾರ ಬೇರೆ ಬಣ್ಣದ್ದೇನೋ ಎನ್ನಿಸುತ್ತದೆ. ಸ್ನಾಯುವೂ ಎಳೆಗಳ ಕಂತೆಯೇ ಆದ್ದರಿಂದ, ಸೂಜಿ ಹಿಡಿದವರು ಅದರ ಅಂಚಿನ ಗೆರೆಯ ಜೊತೆಗೆ ಒಳಗಿನ ಎಳೆಗಳ ಹರಿವನ್ನೂ ತಿಳಿದಿರಬೇಕು. ಭುಜದ ಡೆಲ್ಟಾಯ್ಡ್ ಸ್ನಾಯು ಬೀಸಣಿಗೆಯಂತೆ ಮೇಲೆ ಹರಡಿ ತೋಳಿನ ಮೂಳೆಯ ಬಳಿ ಒಂದೆಡೆ ಸೇರುತ್ತದೆ. ಕಣ್ಣು ಮುಚ್ಚುವ ಸ್ನಾಯು ಕಣ್ಣಿನ ಸುತ್ತ ಬಳೆಯಂತೆ ಸುತ್ತುತ್ತದೆ. ಹೊಟ್ಟೆಯ ಪಕ್ಕದ ಹೊರಪದರದ ಎಳೆಗಳು ಪ್ಯಾಂಟಿನ ಜೇಬಿಗೆ ಕೈ ಇಟ್ಟಾಗ ಬೆರಳುಗಳು ಇಳಿಯುವಂತೆ ಮುಂದಕ್ಕೂ ಕೆಳಕ್ಕೂ ಇಳಿದರೆ, ಅದರಡಿಯ ಪದರದ ಎಳೆಗಳು ಅವಕ್ಕೆ ಅಡ್ಡಲಾಗಿವೆ. ಹೊಲಿಗೆ ಈ ಜಾಡು ಹಿಡಿದರೆ ಎರಡೇ ಬಣ್ಣದಲ್ಲೂ ಸ್ನಾಯು ಜೀವಂತವಾಗಿ ಕಾಣುತ್ತದೆ; ತಪ್ಪಿದರೆ ಹತ್ತು ಬಣ್ಣ ಸೇರಿಸಿದರೂ ತೇಪೆ ಹಾಕಿದಂತೆ ಇರುತ್ತದೆ.

ದೇಹವನ್ನು ನೇಯ್ಗೆಯಾಗಿ ಕಾಣುವುದು ವೈದ್ಯರಿಗೂ ಹೊಸದಲ್ಲ. ಫ್ರಾನ್ಸಿನ ಝೇವಿಯರ್ ಬಿಷಾ 1801ರ ತನ್ನ ಗ್ರಂಥದಲ್ಲಿ, ಸೂಕ್ಷ್ಮದರ್ಶಕವನ್ನೇ ಬಳಸದೆ, ದೇಹದ 21 ಬಗೆಯ ಅಂಗಾಂಶಗಳನ್ನು ವಿಂಗಡಿಸಿದ. ಅವುಗಳಿಗೆ ಅವನು ಬಳಸಿದ ‘ಟಿಶ್ಯೂ’ ಎಂಬ ಹೆಸರಿನ ಮೂಲಾರ್ಥ ‘ನೆಯ್ದದ್ದು’. ನಮ್ಮಲ್ಲೂ ಬಳಕೆಯಲ್ಲಿರುವ ‘ಊತಕ’ ಎಂಬ ಪದದ ಬೇರು ‘ನೇಯು’ ಎಂಬ ಅರ್ಥದ ಸಂಸ್ಕೃತ ಧಾತು. ‘ಓತಪ್ರೋತ’ದ ಓತವೂ ಅಲ್ಲಿಂದಲೇ ಬಂದದ್ದು. ಕನ್ನಡದ ಕಿವಿಗೆ ಮಾತ್ರ ಊತವೆಂದರೆ ಮೊದಲು ಬಾವೇ ನೆನಪಾಗುತ್ತದೆ.

ಮಾದರಿಗೆ ಹಳೆಯ ವೈದ್ಯಗ್ರಂಥಗಳ ಚಿತ್ರಗಳೇ ಒಳ್ಳೆಯವು. 1858ರಲ್ಲಿ ಲಂಡನ್ನಿನಲ್ಲಿ ಹೊರಬಂದ ‘ಗ್ರೇಸ್ ಅನಾಟಮಿ’ಗೆ ಹೆನ್ರಿ ವ್ಯಾಂಡೈಕ್ ಕಾರ್ಟರ್ ಬರೆದ ಚಿತ್ರಗಳನ್ನು ಮರದ ಅಚ್ಚುಗಳಲ್ಲಿ ಕೊರೆದು ಮುದ್ರಿಸಿದ್ದರು. ಅವುಗಳಲ್ಲಿ ನೆರಳೆಂಬುದು ಸಾಲುಸಾಲು ಗೆರೆಗಳು. ಪ್ರತಿ ಗೆರೆಯೂ ಒಂದು ಹೊಲಿಗೆಗೆ ದಾರಿ ತೋರುತ್ತದೆ. ಹಕ್ಕುಸ್ವಾಮ್ಯದ ಅವಧಿಯೂ ಎಂದೋ ಮುಗಿದಿದೆ. ಪುಸ್ತಕ ಬಂದ ವರ್ಷವೇ ಕಾರ್ಟರ್ ಮುಂಬಯಿಗೆ ಬಂದು ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ.

ಬಣ್ಣಗಳಿಗೆ ಪಠ್ಯಪುಸ್ತಕದ ರೂಢಿಯುಂಟು: ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ, ದುಗ್ಧನಾಳಕ್ಕೆ ಹಸಿರು. ಇದೇ ರೂಢಿ ಒಂದು ಕಡೆ ಕೈಕೊಡುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ಹೆಸರಿಗೆ ಅಪಧಮನಿಯಾದರೂ ಅದರಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ, ಆದ್ದರಿಂದ ಅದು ನೀಲಿ. ಶ್ವಾಸಕೋಶದಿಂದ ಮರಳುವ ಅಭಿಧಮನಿಗಳು ಕೆಂಪು. ಹೃದಯದ ಕಸೂತಿಯನ್ನು ವೈದ್ಯರು ನೋಡಿದರೆ ಅವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ.

ಹೃದಯದ ಕೆಲಸ ಆರಂಭವಾಗುವುದು ಎರಡು ಪದರ ಹತ್ತಿಬಟ್ಟೆಯನ್ನು ಫ್ರೇಮಿಗೆ ಬಿಗಿದು ಚಿತ್ರವನ್ನು ಟ್ರೇಸ್ ಮಾಡುವುದರಿಂದ. ಉಬ್ಬು ಬರಲು ಫೆಲ್ಟ್ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹೊಲಿಯುತ್ತಾರೆ. ಚಿಕ್ಕದು ಅಡಿಗೆ, ದೊಡ್ಡದು ಮೇಲಕ್ಕೆ. ಇಡೀ ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಬಹಳ ದಪ್ಪ. ಅದರ ಭಾರ ತೋರಬೇಕಾದರೆ ಆ ಭಾಗದಲ್ಲಿ ತುಂಬು ಹೆಚ್ಚಬೇಕು. ಅಂಗಡಿಯಲ್ಲಿ ಸಿಗುವ ಎಂಟು ಮೀಟರಿನ ಲಡಿಯ ಕಸೂತಿ ದಾರದಲ್ಲಿ ಆರು ಎಳೆಗಳಿರುತ್ತವೆ. ಸ್ನಾಯುವಿಗೆ ಒಂದೋ ಎರಡೋ ಎಳೆ ಬಿಡಿಸಿಕೊಂಡು ಗಿಡ್ಡ-ಉದ್ದ ಹೊಲಿಗೆಯಲ್ಲಿ ತುಂಬುತ್ತಾರೆ. ಹೃದಯದ ಎಳೆಗಳು ನೇರವಾಗಿ ಇಳಿಯದೆ ಓರೆಯಾಗಿ ಸುತ್ತುತ್ತಾ ತುದಿಯಲ್ಲಿ ಸುಳಿಯಾಗುತ್ತವೆ, ಮಗುವಿನ ನೆತ್ತಿಯ ಸುಳಿಯ ಹಾಗೆ. ಹೊಲಿಗೆಯೂ ಅಲ್ಲಿ ತಿರುಗಬೇಕು. ಆಮೇಲೆ ಹೃದಯವನ್ನೇ ಪೋಷಿಸುವ ಕೊರೋನರಿ ರಕ್ತನಾಳಗಳನ್ನು ಕಾಂಡ ಹೊಲಿಗೆಯಲ್ಲಿ ಹಾಯಿಸಿ, ಅವುಗಳ ಅಕ್ಕಪಕ್ಕದ ಕೊಬ್ಬಿಗೆ ತಿಳಿಹಳದಿ ದಾರದಲ್ಲಿ ಫ್ರೆಂಚ್ ನಾಟ್ ಹಾಕುತ್ತಾರೆ. ಮಣಿಗಳ ಸರದಿ ಕೊನೆಗೆ. ಮೊದಲೇ ಕೂಡಿಸಿದರೆ ದಾರ ಪ್ರತಿ ಸಲವೂ ಅವುಗಳಿಗೆ ಸಿಕ್ಕಿಕೊಳ್ಳುತ್ತದೆ.

ಮಣಿಗಳ ನಂಬರು ಹೆಚ್ಚಿದಷ್ಟೂ ಗಾತ್ರ ಕಿರಿದು. 11ನೇ ನಂಬರಿನದು ಸುಮಾರು 2 ಮಿಲಿಮೀಟರ್, 15ನೆಯದು ಸುಮಾರು ಒಂದೂವರೆ. ಶ್ವಾಸಕೋಶದ ಗಾಳಿಗೂಡೊಂದರ ಅಗಲ ಹೆಚ್ಚುಕಡಿಮೆ 0.2 ಮಿಲಿಮೀಟರ್, ಅಂದರೆ 11ನೇ ನಂಬರಿನ ಮಣಿ ಅದರ ಹತ್ತು ಪಟ್ಟು. ಅಂಥ ಗೂಡುಗಳು ದೇಹದಲ್ಲಿ ಸುಮಾರು 30 ಕೋಟಿ ಇರುವುದರಿಂದ ಕಸೂತಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಒಂದೆರಡು ತುದಿಗಳನ್ನು ತೋರಿಸಿ ಸುಮ್ಮನಾಗುತ್ತಾರೆ. ಕೆಂಪು ರಕ್ತಕಣಕ್ಕೂ ಮಣಿ ಹೊಂದುತ್ತದೆ, ಆದರೆ ಕಣದ ನಡುವೆ ತಗ್ಗಿರುತ್ತದೆಯೇ ಹೊರತು ತೂತಿರುವುದಿಲ್ಲ. ಶ್ವಾಸನಾಳದ ಉಂಗುರಗಳಿಗೆ ಕೊಳವೆ ಮಣಿ ಚೆನ್ನ. ಮಿದುಳಿನ ಮಡಿಕೆಗಳಿಗೆ ದಪ್ಪ ಹುರಿಯನ್ನು ಬಾಗಿಸಿ ಕೂಡಿಸಿದರೆ ಸಾಕು. ಹಿಂಭಾಗದ ಕಿರಿಮಿದುಳಿಗೆ ಸಣ್ಣ, ಒತ್ತೊತ್ತಾದ ಸಾಲುಗಳು ಬೇಕು. ಮಣಿ ಎಲ್ಲೆಲ್ಲೂ ತುಂಬಿದರೆ ಎಳೆಯ ದಿಕ್ಕು ಮರೆಯಾಗಿ, ಹೃದಯ ಮದುವೆ ಬ್ಲೌಸಿನ ಮಗ್ಗಂ ವರ್ಕಿನಂತೆ ಕಾಣತೊಡಗುತ್ತದೆ.

ಎಡ-ಬಲದ ಗೊಂದಲ ಇಲ್ಲಿ ಬಹಳ. ಚಿತ್ರದಲ್ಲಿ ಎಡವೆಂದರೆ ದೇಹದವರ ಎಡ, ನೋಡುವವರ ಬಲ. ಫ್ರಾನ್ಸಿನ ಲ್ಯೂನೆವಿಲ್ ಪದ್ಧತಿಯಲ್ಲಿ ಕೊಕ್ಕೆಸೂಜಿ ಮೇಲಿಂದ ಆಡಿದರೂ ಮಣಿಗಳು ಬಟ್ಟೆಯ ಅಡಿಯಲ್ಲಿ ಕೂರುತ್ತವೆ, ಕೆಲಸಗಾರರಿಗೆ ಕಾಣುವುದು ಬೆನ್ನುಭಾಗ. ಚಿತ್ರವನ್ನು ಮೊದಲೇ ಕನ್ನಡಿಯ ಬಿಂಬದಂತೆ ತಿರುಗಿಸದಿದ್ದರೆ ಹೃದಯದ ತುದಿ ಬಲಕ್ಕೆ ವಾಲುತ್ತದೆ. ಹೂವಿನಲ್ಲಿ ಇಂಥ ತಪ್ಪು ಯಾರಿಗೂ ತಿಳಿಯುವುದಿಲ್ಲ.

ಬಟ್ಟೆಯ ಸೂಜಿಗೂ ವೈದ್ಯರ ಸೂಜಿಗೂ ನಂಟು ಹಳೆಯದು. ಸುಶ್ರುತ ಸಂಹಿತೆ ಗಾಯ ಹೊಲಿಯುವ ಅಭ್ಯಾಸವನ್ನು ಬಟ್ಟೆಯ ಅಂಚುಗಳ ಮೇಲೂ ಮೃದುವಾದ ಚರ್ಮದ ಮೇಲೂ ಮಾಡಬೇಕೆನ್ನುತ್ತದೆ. ಅದು ಹೇಳುವ ಹೊಲಿಗೆಗಳಲ್ಲಿ ‘ತುನ್ನಸೇವನಿ’ ಎಂಬ ಒಂದಕ್ಕೆ ಹರಿದ ಬಟ್ಟೆಗೆ ಹಾಕುವ ಹೊಲಿಗೆಯದೇ ಹೆಸರು. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಸೂಲಗಿತ್ತಿ ಆಂಜೆಲೀಕ್ ದು ಕೂದ್ರೆ ಬಟ್ಟೆ, ಚರ್ಮಗಳಿಂದ ಬಸುರಿಯ ಸೊಂಟವನ್ನೂ ಕೂಸನ್ನೂ ಹೊಲಿದು, ಊರೂರು ತಿರುಗಿ ಹಳ್ಳಿಯ ಹೆಂಗಸರಿಗೆ ಹೆರಿಗೆ ಕಲಿಸಿದಳು. ಅಂಥದ್ದೊಂದು ಬೊಂಬೆ ರುಆನ್ ನಗರದ ವೈದ್ಯ ಇತಿಹಾಸದ ಮ್ಯೂಸಿಯಂನಲ್ಲಿದೆ.

1894ರಲ್ಲಿ ಲಿಯೋನ್ ನಗರದಲ್ಲಿ ಫ್ರೆಂಚ್ ಅಧ್ಯಕ್ಷ ಸಾದಿ ಕಾರ್ನೋ ಇರಿತಕ್ಕೆ ಸಿಕ್ಕಿ, ಯಕೃತ್ತಿಗೆ ಹೋಗುವ ರಕ್ತನಾಳ ಕತ್ತರಿಸಿ ಸತ್ತ. ಕತ್ತರಿಸಿದ ರಕ್ತನಾಳವನ್ನು ಹೊಲಿದು ಸರಿಪಡಿಸುವ ಭರವಸೆಯ ವಿಧಾನ ಆಗ ಇರಲಿಲ್ಲ. ಆ ಊರಿನ ಯುವ ವೈದ್ಯ ಅಲೆಕ್ಸಿ ಕ್ಯಾರೆಲ್, ರೇಷ್ಮೆಗೆ ಹೆಸರಾದ ಅದೇ ನಗರದ ಕಸೂತಿಗಾರ್ತಿ ಮದಾಂ ಲೆರುದಿಯೆಯಿಂದ ನಯವಾದ ಹೊಲಿಗೆ ಕಲಿತ. ತೀರ ಸಣ್ಣ ಸೂಜಿ, ವ್ಯಾಸಲೀನ್ ಸವರಿದ ರೇಷ್ಮೆದಾರ ಅವನ ಸಲಕರಣೆ. ನಾಳದ ದುಂಡು ಬಾಯನ್ನು ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ನೇರ ಅಂಚನ್ನು ಹೊಲಿಯುವುದು ಸುಲಭ. 1902ರಲ್ಲಿ ಈ ವಿಧಾನ ಪ್ರಕಟವಾಯಿತು, 1912ರಲ್ಲಿ ನೊಬೆಲ್ ಬಂತು.

ಈಗಿನ ಕಲಾವಿದರಲ್ಲಿ ಕೆನಡಾದ ಲಿಯಾ ಪಾಸ್ ತಮ್ಮ ಕಾಯಿಲೆಯ ನೋವು, ಜೋಮುಗಳನ್ನೇ ಅಂಗಚಿತ್ರಗಳಾಗಿ ಹೊಲಿಯುತ್ತಾರೆ. ಚಿಲಿ ದೇಶದ ಹುವಾನಾ ಗೋಮೆಸ್ ತಮ್ಮ ಮತ್ತು ಮನೆಯವರ ಫೋಟೋಗಳನ್ನು ಬಟ್ಟೆಯ ಮೇಲೆ ಮುದ್ರಿಸಿ, ಚರ್ಮದಡಿ ಅಡಗಿದ ರಕ್ತನಾಳ, ನರಗಳನ್ನು ಅದರ ಮೇಲೆ ಕೈಯಾರೆ ಕಸೂತಿ ಹಾಕುತ್ತಾರೆ. ಆ ಕವಲುಗಳು ಎಲೆಯ ನರಗಳನ್ನೂ, ಮೇಲಿನಿಂದ ನೋಡಿದ ನದಿಯ ಕವಲುಗಳನ್ನೂ ಹೋಲುತ್ತವೆ.