ಹಳೆಯ ಕಾರಿಗೆ ಕಡತವೇ ಸಾಕ್ಷಿ

ಹಿಂದಿನ ಕಾಲದಲ್ಲಿ ನಮ್ಮ ಶಾನುಭೋಗರೂ ವರ್ತಕರೂ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಇಂದು ಆ ಹೆಸರು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಸಂದಿದೆ. ವಸ್ತು ಬದಲಾದರೂ ಅದರ ಧರ್ಮ ಬದಲಾಗಿಲ್ಲ. ನಡೆದು ಹೋದ ವ್ಯವಹಾರಕ್ಕೆ ಸಾಕ್ಷಿ ನುಡಿಯುವುದೇ ಆ ಧರ್ಮ.

ಈ ಸಾಕ್ಷಿಯ ಮಹತ್ತ್ವವನ್ನು ಅರಿಯಲು ಅಮೆರಿಕೆಯಲ್ಲಿ ಹವ್ಯಾಸಿಗಳು ಸಂಗ್ರಹಿಸುವ ಹಳೆಯ ಕಾರುಗಳ ಮಾರಾಟವನ್ನು ನೋಡಬೇಕು. ಅಲ್ಲಿ ಇಂತಹ ಕಾರುಗಳು ಈಗ ಅಂತರಜಾಲದ ಹರಾಜಿನಲ್ಲಿ ಬಹುವಾಗಿ ಮಾರಾಟವಾಗುತ್ತಿವೆ. ೨೦೦೭ರಲ್ಲಿ ಆರಂಭವಾದ ‘ಬ್ರಿಂಗ್ ಎ ಟ್ರೇಲರ್’ ಎಂಬ ತಾಣವು ೨೦೧೪ರಿಂದ ತಾನೇ ಹರಾಜು ನಡೆಸತೊಡಗಿತು. ೨೦೨೦ರಲ್ಲಿ ಹರ್ಸ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಒಂದು ಕಾರಿನ ಹರಾಜು ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಆ ಅವಧಿಯಲ್ಲಿ ಮಾರುವವನು ಎಲ್ಲರೆದುರಿಗೆ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಸವಾಲು ಕೂಗುವವನಾದರೋ ಸಾವಿರ ಮೈಲಿ ದೂರದಲ್ಲಿ ಕುಳಿತಿರಬಹುದು. ಕಾರನ್ನು ಮುಟ್ಟಿ ನೋಡಿರುವುದಿಲ್ಲ. ಚಿತ್ರದಲ್ಲಿ ಬಣ್ಣದ ಹೊಳಪು ಕಾಣುತ್ತದೆಯೇ ಹೊರತು ಎಂಜಿನ್ನಿನ ಒಡಲು ಕಾಣುವುದಿಲ್ಲ. ಆ ಒಡಲಿನ ಸುದ್ದಿಯನ್ನು ಹೇಳಬಲ್ಲವು ಸರ್ವಿಸ್ ಮಾಡಿಸಿದ ರಸೀದಿಗಳು.

ಒಂದು ನಿದರ್ಶನವನ್ನು ನೋಡೋಣ. ಇಟಲಿಯ ಫೆರಾರಿ ಸಂಸ್ಥೆ ೧೯೯೪ರಿಂದ ೧೯೯೯ರವರೆಗೆ ಎಫ್ ೩೫೫ ಎಂಬ ಕಾರನ್ನು ತಯಾರಿಸಿತು. ಅದರ ಟೈಮಿಂಗ್ ಬೆಲ್ಟನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಕಾರಿನಿಂದ ಹೊರಗೆ ಇಳಿಸಬೇಕು. ಆದುದರಿಂದ ಖರ್ಚು ವಿಪರೀತ. ಕಾರು ಓಡದೆ ನಿಂತಲ್ಲೇ ನಿಂತಿದ್ದರೂ ವರ್ಷಗಳು ಕಳೆದಂತೆ ಬೆಲ್ಟು ಸವಕಲಾಗುತ್ತದೆ. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ನಾಶವಾಗುತ್ತದೆ. ಹೊಸ ಬೆಲ್ಟು ಹಾಕಿದ ಕಾರಿಗೂ ಹಾಕದ ಕಾರಿಗೂ ಹೊರನೋಟದಲ್ಲಿ ಯಾವ ಭೇದವೂ ಇಲ್ಲ. ತಾರೀಖುಳ್ಳ ಒಂದು ಬಿಲ್ಲು ಮಾತ್ರ ಆ ಭೇದವನ್ನು ತೋರಿಸಬಲ್ಲದು. ಅದು ಇಲ್ಲದಿದ್ದರೆ ಬುದ್ಧಿವಂತನಾದ ಗಿರಾಕಿ ಆ ಕೆಲಸ ಆಗಿಲ್ಲವೆಂದೇ ಭಾವಿಸಿ, ಅದರ ಖರ್ಚನ್ನು ತನ್ನ ಸವಾಲಿನಿಂದ ಮೊದಲೇ ಕಳೆದುಬಿಡುತ್ತಾನೆ.

ಇನ್ನು ಮೈಲಿಗಳ ಲೆಕ್ಕ. ಹಳೆಯ ಎಷ್ಟೋ ಕಾರುಗಳ ಓಡೋಮೀಟರಿನಲ್ಲಿ ಐದೇ ಅಂಕಿಗಳು. ೯೯,೯೯೯ ಕಳೆದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಆದಕಾರಣ ೩೪,೦೦೦ ಎಂದು ತೋರುವ ಕಾರು ನಿಜವಾಗಿ ೧,೩೪,೦೦೦ ಮೈಲಿ ಓಡಿರಲೂಬಹುದು. ಓಡೋಮೀಟರನ್ನು ತಿರುಚಬಾರದೆಂದು ಅಮೆರಿಕೆಯ ಕೇಂದ್ರ ಸರ್ಕಾರ ೧೯೭೨ರಲ್ಲೇ ಕಾನೂನು ಮಾಡಿದೆ. ಆದರೂ ಸಂದೇಹ ಸಂದೇಹವೇ. ವರ್ಷವರ್ಷದ ರಸೀದಿಗಳಲ್ಲಿ ಮೆಕ್ಯಾನಿಕ್ಕು ಬರೆದ ಮೈಲಿಗಳು ಕ್ರಮವಾಗಿ ಏರುತ್ತ ಬಂದಿದ್ದರೆ ಆ ಸಂದೇಹ ತಾನಾಗಿಯೇ ನಿವಾರಣೆಯಾಗುತ್ತದೆ.

ಆದರೆ ಕಾಗದಗಳ ರಾಶಿಯೆಲ್ಲ ಕಡತವಾಗಲಾರದು. ಮೊದಲು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಬೇಕು. ಬಳಿಕ ತಾರೀಖು, ಮೈಲಿ, ಮಾಡಿಸಿದ ಕೆಲಸ ಎಂಬ ಮೂರು ಕಲಮುಗಳ ಒಂದು ಪಟ್ಟಿಯನ್ನು ಬರೆಯಬೇಕು. ೧೯೮೧ರ ಮಾದರಿಯಿಂದೀಚೆಗೆ ಅಮೆರಿಕೆಯಲ್ಲಿ ಮಾರಿದ ಕಾರುಗಳಿಗೆ ೧೭ ಅಕ್ಷರ ಹಾಗೂ ಅಂಕಿಗಳ ಗುರುತಿನ ಸಂಖ್ಯೆಯಿದೆ. ರಸೀದಿಯಲ್ಲಿ ಅದು ನಮೂದಾಗಿದ್ದರೆ ಕಾಗದ ಈ ಕಾರಿನದೇ ಎಂಬುದು ಸ್ಥಿರಪಡುತ್ತದೆ. ಬಿಡಿಭಾಗ ಕೊಂಡ ಬಿಲ್ಲು ಬೇರೆ, ಅದನ್ನು ಜೋಡಿಸಿದ ಗ್ಯಾರೇಜಿನ ಬಿಲ್ಲು ಬೇರೆ. ಮೊದಲನೆಯದು ಕೊಂಡದ್ದಕ್ಕೆ ಸಾಕ್ಷಿಯೇ ಹೊರತು ಜೋಡಿಸಿದ್ದಕ್ಕೆ ಸಾಕ್ಷಿಯಲ್ಲ. ಮರ್ಸಿಡಿಸ್ ಕಾರುಗಳಿಗೆ ಕಾರ್ಖಾನೆಯ ಡೇಟಾ ಕಾರ್ಡ್ ಎಂಬುದೊಂದುಂಟು; ಎಂಜಿನ್ ಸಂಖ್ಯೆ, ಮೂಲ ಬಣ್ಣ ಮುಂತಾದವು ಅದರಲ್ಲಿವೆ. ಅದು ಕಾರಿನ ಜಾತಕವಿದ್ದಂತೆ. ಮುಂದಿನ ಬಾಳಿನ ಕಥೆ ಅದರಲ್ಲಿಲ್ಲ. ಕಳೆದುಹೋದ ಬಿಲ್ಲುಗಳ ನಕಲನ್ನು ಹಳೆಯ ಗ್ಯಾರೇಜಿನಲ್ಲಿ ಕೇಳಿ ನೋಡಬಹುದು. ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸುವ ಮುನ್ನ ಮನೆಯ ವಿಳಾಸ, ದೂರವಾಣಿ, ಬ್ಯಾಂಕಿನ ಸಂಖ್ಯೆಗಳನ್ನು ಮರೆಮಾಡುವುದು ವಿವೇಕ.

ಇಲ್ಲಿಯೇ ಮನುಷ್ಯನ ಮನಸ್ಸಿಗೆ ಪರೀಕ್ಷೆ. ಕಡತದಲ್ಲಿ ಅಪಘಾತವಾಗಿ ಬಾಗಿಲು ಬದಲಿಸಿದ ಬಿಲ್ಲೊಂದಿರುತ್ತದೆ. ಎಣ್ಣೆ ಸೋರುತ್ತಿದೆ, ಬೇಗ ಸರಿಪಡಿಸಬೇಕು ಎಂದು ಮೆಕ್ಯಾನಿಕ್ಕು ಬರೆದ ಟಿಪ್ಪಣಿಯೂ ಇರುತ್ತದೆ. ಆ ಹಾಳೆಗಳನ್ನು ತೆಗೆದಿಟ್ಟರೆ ಯಾರಿಗೆ ತಿಳಿದೀತು ಎಂಬ ಆಸೆ ಹುಟ್ಟುವುದು ಸಹಜ. ಆದರೆ ಏಳು ದಿನ ನೂರಾರು ಕಣ್ಣುಗಳು ಆ ಪುಟಗಳನ್ನು ಜಾಲಾಡುತ್ತವೆ. ಮುಚ್ಚಿಟ್ಟದ್ದು ಒಂದು ಬಯಲಾದರೆ ಉಳಿದ ನೂರು ರಸೀದಿಗಳೂ ಸುಳ್ಳೆಂಬ ಶಂಕೆಗೆ ಗುರಿಯಾಗುತ್ತವೆ. ಮೂರು ವರ್ಷಗಳ ದಾಖಲೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಬೇಕು. ಸಂಪೂರ್ಣ ದಾಖಲೆಯುಂಟು ಎಂದು ಬೀಗಬಾರದು. ತನ್ನ ಕುಂದನ್ನು ತಾನೇ ಹೇಳಿಕೊಂಡವನ ಮಾತಿಗೆ ಗಿರಾಕಿ ಕಿವಿಗೊಡುತ್ತಾನೆ. ಕುಂದಿನಿಂದ ಬೆಲೆ ತುಸು ತಗ್ಗಬಹುದು. ಕಪಟದಿಂದ ವ್ಯವಹಾರವೇ ಮುರಿದುಬೀಳುತ್ತದೆ.

ಕೊನೆಯದಾಗಿ ಗೃಹಸ್ಥರು ಮನಗಾಣಬೇಕಾದ ಮಾತೊಂದಿದೆ. ಇಂತಹ ಕಾರನ್ನು ಎಷ್ಟೋ ಸಲ ಮಾರುವವರು ಅದನ್ನು ಸಾಕಿ ಸಲಹಿದವರಲ್ಲ. ಅವರು ತೀರಿಕೊಂಡ ಮೇಲೆ ಉಳಿದ ಹೆಂಡತಿ ಮಕ್ಕಳು. ಬೆಲ್ಟು ಬದಲಿಸಿದ್ದು ಯಾವಾಗ ಎಂದು ಅಪರಿಚಿತನೊಬ್ಬ ಕೇಳಿದರೆ ಆ ತಾಯಿ ಏನೆಂದು ಹೇಳಿಯಾಳು? ಗಂಡನು ಒಂದೊಂದು ರಸೀದಿಯನ್ನೂ ತಾರೀಖು ಹಾಕಿ ಒಂದು ಲಕೋಟೆಯಲ್ಲಿ ಇಟ್ಟುಹೋಗಿದ್ದರೆ, ಅವನಿಲ್ಲದ ವೇಳೆಯಲ್ಲಿ ಅವನ ಪರವಾಗಿ ಆ ಲಕೋಟೆ ಉತ್ತರ ಹೇಳುತ್ತದೆ. ವಾಹನ ಯಾವುದೇ ಇರಲಿ, ದುರಸ್ತಿಯಾದ ದಿನವೇ ಬಿಲ್ಲಿನ ಮೇಲೆ ಓಡಿದ ದೂರವನ್ನು ಗುರುತಿಸಿ ಎತ್ತಿಡುವುದಕ್ಕೆ ಎರಡು ನಿಮಿಷ ಸಾಕು. ಹರಾಜಿನ ದಿನ ಅದನ್ನು ಹೊಸದಾಗಿ ಹುಟ್ಟಿಸುವುದು ಯಾರಿಂದಲೂ ಆಗದು.