ನಡುಮನೆಯ ಕಿಟಕಿಗಳು

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಒಂದು ಹೆಸರು, ಗವಾಕ್ಷವೆಂದು ಇನ್ನೊಂದು. ವಾತಾಯನವೆಂದರೆ ಗಾಳಿಯ ಹಾದಿ. ಗವಾಕ್ಷವೆಂದರೆ ಗೋವಿನ ಕಣ್ಣು. ಒಂದು ಉಸಿರಿಗೆ ಸೇರಿದ ಹೆಸರು, ಮತ್ತೊಂದು ನೋಟಕ್ಕೆ. ಪಾಠಶಾಲೆಯಲ್ಲಿ ವರ್ಷವರ್ಷವೂ ಈ ಪದಗಳನ್ನು ಬಿಡಿಸಿ ಹೇಳುತ್ತಿದ್ದ ನಾವು, ಸ್ವಂತ ಮನೆಯನ್ನು ಕಟ್ಟಿಸುವಾಗ ಎರಡನೆಯದನ್ನು ನೆನೆದು ಮೊದಲನೆಯದನ್ನು ಮರೆತೆವು. ಅದರ ಫಲವನ್ನು ಹೆಚ್ಚಾಗಿ ಅನುಭವಿಸಿದವರು ನಮ್ಮ ತಾಯಿಯವರು.

ಈ ಮಾತು ಈಗ ನೆನಪಿಗೆ ಬಂದುದಕ್ಕೆ ಕಾರಣವುಂಟು. ಕಳೆದ ತಿಂಗಳು ನಮ್ಮ ಮಗಳೂ ಅಳಿಯಂದಿರೂ ಮೈಸೂರಿನಲ್ಲಿ ತಾವು ಕಟ್ಟಿಸಬೇಕೆಂದಿರುವ ಮನೆಯ ನಕ್ಷೆಯನ್ನು ತಂದು ಮುಂದಿಟ್ಟರು. ಒಂಬತ್ತು ಮಂದಿ ಕೂಡಿ ಬಾಳತಕ್ಕ ಮನೆ. ನಡುಮನೆಯು 20 ಅಡಿ ಉದ್ದ, 15 ಅಡಿ ಅಗಲ. ಅದರ ಪಡುವಣ ಗೋಡೆಯ ಮುಕ್ಕಾಲು ಪಾಲು ಗಾಜು! ಕಂಡೊಡನೆ ನಮ್ಮ ಎದೆ ಧಸಕ್ಕೆಂದಿತು.

ನಾವು 2004ರಲ್ಲಿ ಅದೇ ಊರಿನಲ್ಲಿ ಕಟ್ಟಿಸಿದ ಮನೆಯ ನಡುಮನೆಯೂ ಇಷ್ಟೇ ಅಳತೆಯದು. ಬೀದಿ ಪಶ್ಚಿಮಕ್ಕೆ. ಹೋಗಿ ಬರುವವರು ನೋಡಲೆಂಬ ಅಭಿಮಾನದಿಂದ ಆ ಗೋಡೆಗೆ 8 ಅಡಿ ಅಗಲ, 5 ಅಡಿ ಎತ್ತರದ ಒಂದೇ ಗಾಜನ್ನು ಕೂರಿಸಿದೆವು. ಅದಕ್ಕೆ ತೆರೆಯುವ ರೆಕ್ಕೆಗಳಿರಲಿಲ್ಲ. “ಪಡುವಲಕ್ಕೆ ಇಷ್ಟು ಗಾಜು ಬೇಡಿ ಸ್ವಾಮಿ, ಬೇಸಗೇಲಿ ಕೂರೋಕಾಗಲ್ಲ” ಎಂದು ಮೇಸ್ತ್ರಿಯು ಹೇಳಿದನು. ಓದಿದವರಿಗೆ ಗಾರೆಯವನು ಬುದ್ಧಿ ಹೇಳುವುದೇ ಎಂಬ ಭಾವನೆ ನಮ್ಮಲ್ಲಿ ಇದ್ದಿತೆಂಬುದನ್ನು ಮರೆಮಾಚಲಾರೆವು.

ತಾಯಿಯವರು ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬತ್ತಿ ಹೊಸೆಯುತ್ತಲೋ ಅವರೆಕಾಳು ಬಿಡಿಸುತ್ತಲೋ ಕುಳಿತುಕೊಳ್ಳುವುದು ರೂಢಿ. ಮೊದಲ ಬೇಸಗೆಯಲ್ಲಿಯೇ ಮೂರು ಗಂಟೆಯಿಂದ ಬಿಸಿಲು ಒಳನುಗ್ಗತೊಡಗಿತು. ಐದು ಗಂಟೆಯ ಹೊತ್ತಿಗೆ ಎದುರು ಗೋಡೆಯನ್ನು ಮುಟ್ಟುತ್ತಿದ್ದಿತು. ದಪ್ಪನಾದ ತೆರೆಯನ್ನು ಎಳೆದು ಹಗಲಿನಲ್ಲಿಯೇ ವಿದ್ಯುದ್ದೀಪವನ್ನು ಹಾಕಿದೆವು. ಕತ್ತಲೆ ಬಂದಿತೇ ಹೊರತು ಸೆಕೆ ಹೋಗಲಿಲ್ಲ; ಏಕೆಂದರೆ ಗಾಜನ್ನು ದಾಟಿ ಒಳಗೆ ಬಂದ ಬಿಸಿಲಿನ ಕಾವು ತೆರೆಯ ಮೇಲೆ ಬಿದ್ದರೂ ಕೋಣೆಯಲ್ಲಿಯೇ ಉಳಿಯುತ್ತದೆ. ಬಿಸಿಲನ್ನು ತಡೆಯುವುದಾದರೆ ಗಾಜಿನ ಹೊರಗೆ ತಡೆಯಬೇಕು. ತಾಯಿಯವರು ಒಂದು ದಿನ ಚಾಪೆಯನ್ನು ಸುತ್ತಿಕೊಂಡು ಅಡಿಗೆಮನೆಯ ಓಣಿಗೆ ಹೋದರು. ಕೇಳಿದರೆ, “ನನಗಿಲ್ಲೇ ಅನುಕೂಲ ಕಣಪ್ಪ, ಓಡಾಡೋರು ಕಾಣಿಸ್ತಾರೆ” ಎಂದರು. ಒಂಬತ್ತು ಬೇಸಗೆಗಳನ್ನು ಅವರು ಆ ಮೂರಡಿ ಅಗಲದ ಓಣಿಯಲ್ಲಿಯೇ ಕಳೆದರು.

ಸೂರ್ಯನ ಗತಿಯನ್ನು ಸ್ವಲ್ಪ ಯೋಚಿಸಿದ್ದರೆ ಇದು ತಪ್ಪುತ್ತಿದ್ದಿತು. ಮೈಸೂರು ಉತ್ತರ ಅಕ್ಷಾಂಶ 12 ಅಂಶಗಳಿಗೆ ತುಸು ಮೇಲಿದೆ. ಏಪ್ರಿಲ್ ಕೊನೆಯ ವಾರದ ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲಿರುತ್ತಾನೆ. ಜೂನ್ ತಿಂಗಳಿನಲ್ಲಿ ಉತ್ತರಕ್ಕೆ ವಾಲುತ್ತಾನೆ. ಚಳಿಗಾಲದಲ್ಲಿ ಮಾತ್ರ ದಕ್ಷಿಣದಿಂದ ಓರೆಯಾಗಿ ಬರುತ್ತಾನೆ. ಆದುದರಿಂದ ದಕ್ಷಿಣದ ಕಿಟಕಿಗೆ ಎರಡಡಿ ಚಾಚಿದ ಸಜ್ಜವು ನಡುಹಗಲಿನ ಬಿಸಿಲನ್ನು ಬಹುಮಟ್ಟಿಗೆ ತಡೆಯಬಲ್ಲುದು. ಸಂಜೆಯ ಸೂರ್ಯನು ತಗ್ಗಿನಿಂದ ಬರುವವನು. ಅವನಿಗೆ ಸಜ್ಜವು ಅಡ್ಡವೇ ಅಲ್ಲ. ಅಲ್ಲಿಗೆ ಬೇಕಾದುದು ಜಗಲಿ, ಮರದ ನೆರಳು, ಇಲ್ಲವೆ ಅಡ್ಡಪಟ್ಟಿಗಳುಳ್ಳ ಹೊರಬಾಗಿಲು.

ಹಾಗೆಂದು ಪಡುವಣ ಗೋಡೆಯನ್ನು ಪೂರ್ತಿ ಮುಚ್ಚಿಬಿಡುವುದೂ ಸಲ್ಲದು. ಜೂನ್ ಮೊದಲ್ಗೊಂಡು ಸೆಪ್ಟೆಂಬರ್‌ವರೆಗೆ ನಮ್ಮ ಕಡೆಗೆ ಗಾಳಿ ಬೀಸುವುದು ಪಶ್ಚಿಮ ನೈಋತ್ಯಗಳಿಂದಲೇ. ಬೆಂಕಿಯೂ ಬೀಸಣಿಗೆಯೂ ಒಂದೇ ದಿಕ್ಕಿನಲ್ಲಿದ್ದರೆ ಗೃಹಸ್ಥನು ಮಾಡುವುದೇನು? ಪಶ್ಚಿಮಕ್ಕೆ ಕಿರಿದಾದ, ತೆರೆಯುವ ಕಿಟಕಿಗಳು. ಎದುರಿಗೆ ಪೂರ್ವಕ್ಕೆ ಅದಕ್ಕಿಂತ ಹಿರಿದಾದ ಕಿಟಕಿ. ಹೊರಹೋಗಲು ದಾರಿಯಿಲ್ಲದ ಗಾಳಿ ಒಳಗೆ ಬರುವುದೂ ಇಲ್ಲ. ಒಂದೇ ಗೋಡೆಯಲ್ಲಿ ನಾಲ್ಕು ಕಿಟಕಿಗಳಿದ್ದರೂ ದೊಡ್ಡ ಕೋಣೆಯ ಆಚೆಯ ಮೂಲೆಯಲ್ಲಿ ಕುಳಿತವರಿಗೆ ಅವು ಪ್ರಯೋಜನಕ್ಕೆ ಬಾರವು.

ಅಳತೆಯ ವಿಷಯದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದು ಲೆಕ್ಕವನ್ನು ಕೊಟ್ಟಿದೆ. ಬಾಗಿಲುಗಳನ್ನು ಬಿಟ್ಟು, ಕಿಟಕಿಗಳ ವಿಸ್ತಾರವು ನೆಲದ ವಿಸ್ತಾರದಲ್ಲಿ ಒಣಸೆಕೆಯ ಸೀಮೆಗಳಿಗೆ ಹತ್ತರಲ್ಲೊಂದು ಪಾಲು, ತೇವಸೆಕೆಯ ಸೀಮೆಗಳಿಗೆ ಆರರಲ್ಲೊಂದು, ನಡುತರದ ಹವೆಗೆ ಎಂಟರಲ್ಲೊಂದು ಪಾಲಾದರೂ ಇರಬೇಕು. ಮಗಳ ನಡುಮನೆ 300 ಚದರಡಿ, ಎಂಟರಲ್ಲೊಂದೆಂದರೆ ಮೂವತ್ತೇಳೂವರೆ. ನಮ್ಮ ಹಳೆಯ ಗಾಜು 40 ಚದರಡಿ ಇದ್ದಿತಲ್ಲವೆ ಎಂದು ಅಳಿಯಂದಿರು ಕೇಳಿದರು. ಹೌದು, ಲೆಕ್ಕದಲ್ಲಿ ಉತ್ತೀರ್ಣ; ಗಾಳಿಯ ಮಟ್ಟಿಗೆ ಸೊನ್ನೆ. ಈಚೆಗೆ ಎಲ್ಲರೂ ಮೆಚ್ಚುವ, ಪಕ್ಕಕ್ಕೆ ಸರಿಯುವ ಎರಡು ರೆಕ್ಕೆಯ ಕಿಟಕಿಯಲ್ಲಿಯೂ ಇದೇ ಮೋಸ. ಎಷ್ಟು ಸರಿಸಿದರೂ ತೆರೆಯುವುದು ಅರ್ಧವೇ. ಸೊಳ್ಳೆಯ ಜಾಲರಿಯು ಉಳಿದುದರಲ್ಲಿಯೂ ಕೊಂಚ ನುಂಗುತ್ತದೆ. ಕೀಲಿನ ಮೇಲೆ ತಿರುಗುವ ಹಳೆಯ ರೆಕ್ಕೆಗಳಾದರೆ ಪೂರ್ತಿ ತೆರೆದುಕೊಳ್ಳುತ್ತವೆ.

ಇನ್ನು ಕಿಟಕಿಯ ತಳದ ಎತ್ತರ. ಕುರ್ಚಿಯ ಮೇಲೆ ಕೂರುವವರಿಗೆ ಮೂರಡಿಯಾದರೂ ನಡೆದೀತು. ಚಾಪೆಯ ಮೇಲೆ ಕೂರುವವರ ತಲೆಯ ಮೇಲಿಂದ ಗಾಳಿ ಹಾರಿಹೋಗುತ್ತದೆ. ಒಂದು ಕಿಟಕಿಯಾದರೂ ನೆಲದಿಂದ ಒಂದೂವರೆ ಅಡಿಗೆ ಆರಂಭವಾಗಲಿ, ಸರಳುಗಳು ಮಗುವಿನ ತಲೆ ತೂರದಷ್ಟು ಒತ್ತಾಗಿರಲಿ, ಗಾಜು ಹದಗೊಳಿಸಿದ್ದಾಗಿರಲಿ. ಅಂತಹ ಗಾಜು ಒಡೆದರೂ ಕತ್ತಿಯಂತೆ ಸೀಳದೆ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಚಾವಣಿಯ ಹತ್ತಿರ ಬೆಳಕಿಂಡಿಗಳೂ ಬೇಕು. ಚೌಕಟ್ಟು ತೇಗದ್ದೋ, ಹೊನ್ನೆಯದೋ, ಈಗಿನ ಯುಪಿವಿಸಿಯದೋ ಎಂಬುದು ಹಣದ ಚೀಲಕ್ಕೆ ಬಿಟ್ಟ ಮಾತು.

ತಾಯಿಯವರು 2013ರಲ್ಲಿ ತೀರಿಕೊಂಡರು. ಮರುವರ್ಷ ಆ ಗಾಜನ್ನು ತೆಗೆಸಿ, ಅಡ್ಡಪಟ್ಟಿಯ ಬಾಗಿಲುಳ್ಳ ಎರಡು ಕಿರಿಯ ಕಿಟಕಿಗಳನ್ನೂ, ಪೂರ್ವಕ್ಕೆ ತಳ ತಗ್ಗಾದ ದೊಡ್ಡದೊಂದನ್ನೂ ಇಡಿಸಿದೆವು. ಮೇಸ್ತ್ರಿ ಅದೇ ಆಸಾಮಿ; ಹಿಂದಿನ ಮಾತನ್ನು ಎತ್ತದಿದ್ದುದು ಅವನ ಸೌಜನ್ಯ. ಈಗ ಮಧ್ಯಾಹ್ನದ ಹೊತ್ತು ನಮ್ಮ ಮನೆಯವರು ಅಲ್ಲಿ ಕುಳಿತುಕೊಳ್ಳುತ್ತಾರೆ.

ಮಗಳು ಪಡುವಣ ಗಾಜನ್ನು ನಕ್ಷೆಯಿಂದ ಅಳಿಸಿದ್ದಾಳೆ. ಅಳಿಯಂದಿರಿಗೆ ದೊಡ್ಡ ಗಾಜೊಂದು ಇರಲೇಬೇಕೆಂಬ ಆಸೆ. ಉತ್ತರದ ಗೋಡೆಯಲ್ಲಿ ಇಟ್ಟುಕೊಳ್ಳಿರೆಂದು ಒಪ್ಪಿದ್ದೇವೆ. ಗೋಡೆ ಎದ್ದು ಚೌಕಟ್ಟು ನಿಲ್ಲಿಸುವ ಮೊದಲು ಒಂದು ಮಧ್ಯಾಹ್ನ ಚಾಪೆಯನ್ನೂ ಊದುಬತ್ತಿಯನ್ನೂ ತೆಗೆದುಕೊಂಡು ನಾವು ಅಲ್ಲಿಗೆ ಹೋಗತಕ್ಕದ್ದೆಂದು ಗೊತ್ತಾಗಿದೆ. ಹೊಗೆ ಯಾವ ಕಡೆಗೆ ಹರಿಯುವುದೋ ನೋಡಿ, ಗುರುತು ಹಾಕಿ ಬರುವೆವು.