ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ

ಮೈಸೂರಿನಲ್ಲಿ ಆಟೋ ಹತ್ತಿ ‘ರಜತ ಮಹೋತ್ಸವ ಗೋಪುರ’ ಎಂದರೆ ಚಾಲಕರು ಮುಖ ನೋಡುತ್ತಾರೆ. ‘ದೊಡ್ಡ ಗಡಿಯಾರ’ ಎಂದರೆ ಮೀಟರ್ ತಿರುಗುತ್ತದೆ. ಪುರಭವನದ ಮಗ್ಗುಲಲ್ಲಿ, ಅರಮನೆಯ ಉತ್ತರಕ್ಕೆ ನಿಂತಿರುವ ಇದರ ಎತ್ತರ 75 ಅಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಕಟ್ಟಿದ್ದು. ಹಣ ಕೂಡಿಸಿದವರು ಅರಮನೆಯ ನೌಕರರು.

ಚೌಕಾಕಾರದ ಗೋಪುರಕ್ಕೆ ಮೇಲೆ ಗುಮ್ಮಟ, ನಾಲ್ಕೂ ಕಡೆ ಗಡಿಯಾರದ ಮುಖ. ಅಂಕಿಗಳು ಕನ್ನಡದವು. ರೋಮನ್ ಅಂಕಿಯೇ ದರ್ಬಾರಿನ ಗತ್ತು ಎನ್ನುತ್ತಿದ್ದ ಕಾಲದಲ್ಲಿ ಹೀಗೆ ಬರೆಸಿದ್ದು ನನಗಂತೂ ಇಡೀ ಕಟ್ಟಡಕ್ಕಿಂತ ದೊಡ್ಡ ಸಂಗತಿ. ಸಂತೆಗೆ ಬಂದ ರೈತನೂ ಯಾರನ್ನೂ ಕೇಳದೆ ಹೊತ್ತು ಓದಿಕೊಳ್ಳಬಹುದಿತ್ತು.

ಹಳೆಯ ಗೋಪುರ ಗಡಿಯಾರಗಳಿಗೆ ಎತ್ತರ ಬೇಕಿದ್ದದ್ದು ದೂರಕ್ಕೆ ಕಾಣಲಿ ಎಂದಷ್ಟೇ ಅಲ್ಲ. ತೂಗುಬಿಟ್ಟ ಭಾರ ಮೆಲ್ಲಗೆ ಕೆಳಗಿಳಿಯುತ್ತಾ ಹಲ್ಲುಚಕ್ರಗಳನ್ನು ತಿರುಗಿಸಬೇಕು; ಇಳಿಯಲು ಜಾಗ ಹೆಚ್ಚಿದ್ದಷ್ಟೂ ಮತ್ತೆ ಕೀಲಿ ಕೊಡದೆ ಓಡುವ ಹೊತ್ತು ಹೆಚ್ಚು. ಒಂದೇ ಯಂತ್ರದಿಂದ ನಾಲ್ಕು ದಿಕ್ಕಿಗೂ ಸರಳುಗಳು ಹೊರಟು ಮುಳ್ಳುಗಳನ್ನು ಓಡಿಸುತ್ತವೆ. ಅಂದರೆ ಗೋಪುರದ ಟೊಳ್ಳು ಹೊಟ್ಟೆಯೂ ಯಂತ್ರದ ಭಾಗವೇ. ವಾಸ್ತುಶಿಲ್ಪಿ ಮತ್ತು ಗಡಿಯಾರದವನು ಮೊದಲೇ ಕೂತು ಮಾತಾಡದಿದ್ದರೆ ಕೆಲಸ ಕೆಟ್ಟಂತೆಯೇ.

ದೊಡ್ಡ ಗಡಿಯಾರದಿಂದ ಚಾಮರಾಜ ವೃತ್ತ, ಕೆ.ಆರ್. ವೃತ್ತ ದಾಟಿದರೆ ದೇವರಾಜ ಮಾರುಕಟ್ಟೆಯ ಮುಂದೆ ಚಿಕ್ಕ ಗಡಿಯಾರ. ಹೆಸರಿಗೆ ಚಿಕ್ಕದು, ವಯಸ್ಸಿನಲ್ಲಿ 41 ವರ್ಷ ಹಿರಿದು: ವೈಸರಾಯ್ ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ 1886ರಲ್ಲಿ ಬಂದದ್ದು. ಡಫರಿನ್ ಯಾರೆಂದು ಈಗ ಇಲ್ಲಿ ಯಾರಿಗೂ ಬೇಕಿಲ್ಲ. ಹೂವಿನವರು, ಬಾಳೆಹಣ್ಣಿನವರು, ಬಸ್ಸಿಗೆ ಓಡುವವರು, ‘ಚಿಕ್ಕ ಗಡಿಯಾರದ ಹತ್ರ ನಿಂತಿರ್ತೀನಿ, ಬಾ’ ಎಂದು ಫೋನಿನಲ್ಲಿ ಕೂಗುವವರು, ಇವರದೇ ಆ ಜಾಗ.

ಈ ಗೋಪುರದ ಸುತ್ತಲ ಕಟ್ಟಡಗಳ ಪಾಡು ಮಾತ್ರ ಕಳವಳದ್ದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೋ ಎಂಬ ಜಗ್ಗಾಟ ನ್ಯಾಯಾಲಯದವರೆಗೂ ಹೋಯಿತು. ನನ್ನ ಮಟ್ಟಿಗೆ ಗೋಪುರವೊಂದನ್ನೇ ಉಳಿಸಿ ಹಿಂದಿನ ಮಾರುಕಟ್ಟೆಯನ್ನು ಕಳೆದುಕೊಂಡರೆ ಉಳಿಯುವುದು ಬರೀ ಕಂಬ.

ನೋಡಲು ಬರುವವರು ಬೆಳಿಗ್ಗೆ ಎಂಟರೊಳಗೆ ಬನ್ನಿ. ನಗರ ಬಸ್ ನಿಲ್ದಾಣ ಪಕ್ಕದಲ್ಲೇ ಇದೆ. ಎರಡೂ ಗಡಿಯಾರಗಳನ್ನು ನಡೆದುಕೊಂಡೇ ನೋಡಬಹುದು.